ಅಜ್ಜನ ಚಾಕುವಿಗೆ ಮತ್ತೆ ಹದ ಹಾಕಿದ್ದು

ಚಾಕು ಈಗ ಮತ್ತೆ ಕೆಲಸಕ್ಕೆ ಬಂದಿದೆ. ತುಕ್ಕು ಹೋಗಿದೆ, ಹಿಡಿಕೆ ಅಲ್ಲಾಡುವುದಿಲ್ಲ, ಒದ್ದೆ ಹಗ್ಗವನ್ನು ಒಂದೇ ಎಳೆತಕ್ಕೆ ಕತ್ತರಿಸುತ್ತದೆ. ಆದರೆ ಅಲಗಿನ ಬೆನ್ನಿನ ಮೇಲೆ ಅಜ್ಜ ಹಾಕಿಸಿಕೊಂಡಿದ್ದ ಒಂಬತ್ತು ಗೀರುಗಳಲ್ಲಿ ಎರಡು ಈಗ ಇಲ್ಲ. ಅವನ್ನು ಅಳಿಸಿದ್ದು ನಾನೇ. ನಾಲ್ಕು ನಿಮಿಷ ಕಬ್ಬಿಣ ತೇಯುವ ಗ್ರೈಂಡರ್ ಹಿಡಿದದ್ದಕ್ಕೆ ಎರಡು ತಿಂಗಳ ಕೆಲಸ ಬಿತ್ತು. ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥದ್ದೊಂದು ಚಾಕು ಇದ್ದರೆ, ಇದನ್ನು ಓದಿ ಆಮೇಲೆ ಕೈ ಹಾಕಿ.

ಮಾರ್ಚ್ 17, ಟ್ರಂಕ್

2024ರ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ಘೋಷಣೆ ಆಯಿತು. ನಮ್ಮ ಸುರಪುರಕ್ಕೆ ವಿಧಾನಸಭೆಯ ಉಪಚುನಾವಣೆಯೂ ಜೊತೆಗೇ ಬಂತು. ಚುನಾವಣೆ ಬಂದಾಗಲೆಲ್ಲ ಕಾಕಾ ಲೈಸೆನ್ಸ್ ಬಂದೂಕನ್ನು ಠಾಣೆಗೆ ಒಪ್ಪಿಸಿ ರಸೀದಿ ತರುತ್ತಾರೆ. ಅಜ್ಜನ ಕಾಲದ ಒಂಟಿ ನಳಿಗೆಯ 12 ಬೋರ್ ಅದು. ಲೈಸೆನ್ಸ್ ಕಾಗದ ಹುಡುಕಲು ಅಜ್ಜನ ಕಬ್ಬಿಣದ ಟ್ರಂಕ್ ತೆಗೆದೆವು. ತಳದಲ್ಲಿ ಒಂದು ಗೋಣಿಚೀಲದ ಗಂಟು. ಬಿಚ್ಚಿದರೆ ಒಂದು ಚಾಕು, ಅದರ ಹರಿದ ಒರೆ, ತೋಟಾ ಸಿಕ್ಕಿಸಿಕೊಳ್ಳುವ ಚರ್ಮದ ಬೆಲ್ಟು.

ಬೆಲ್ಟಿನಲ್ಲಿ ಎರಡು ತೋಟಾ ಹಾಗೇ ಇದ್ದವು. ಕೆಂಪು ಕೊಳವೆ, ಅದರ ಮೇಲೆ ಶಕ್ತಿಮಾನ್ ಅಂತ ಅರ್ಧ ಅಳಿಸಿದ ಅಕ್ಷರ. ಬುಡದ ಹಿತ್ತಾಳೆ ಹಸಿರುಗಟ್ಟಿತ್ತು. ಇಂಥವನ್ನು ಒರೆಸಲು, ಬಿಚ್ಚಲು ಹೋಗಬೇಡಿ. ಕಾಕಾ ಅವನ್ನು ಬಂದೂಕಿನ ಜೊತೆಯಲ್ಲೇ ಠಾಣೆಗೆ ಕೊಟ್ಟು ಬಂದರು. ಬಂದೂಕಿನ ತಂಟೆಗೂ ನಾನು ಹೋಗಿಲ್ಲ. ಅದರ ರಿಪೇರಿ ಏನಿದ್ದರೂ ಲೈಸೆನ್ಸ್ ಇರುವ ಮಿಸ್ತ್ರಿಯ ಕೆಲಸ. ಈ ಲಾಗ್ ಚಾಕು, ಒರೆ ಮತ್ತು ಬೆಲ್ಟಿನದು ಮಾತ್ರ.

ಅಜ್ಜ ಚಳಿಗಾಲದಲ್ಲಿ ಬೋನಾಳ ಕೆರೆಗೆ ಬಾತು ಹೊಡೆಯಲು ಹೋಗುತ್ತಿದ್ದರು. ಸುರಪುರದ ಅರಸ ಪಾಮನಾಯಕ ಕಟ್ಟಿಸಿದ ಕೆರೆ ಅದು, ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಾಲದಲ್ಲಿ ಮತ್ತೆ ದುರಸ್ತಿ ಆಯಿತು. ಅಜ್ಜನದು ಲೈಸೆನ್ಸ್ ಮೇಲೆ ಬೇಟೆ ನಡೆಯುತ್ತಿದ್ದ ಕಾಲ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, 1991ರ ತಿದ್ದುಪಡಿ ಆದ ಮೇಲೆ ಉಳಿದ ಬಾಗಿಲೂ ಮುಚ್ಚಿತು. ಈಗ ಬೋನಾಳ ಪಕ್ಷಿಧಾಮ. ನಾನು ಅಲ್ಲಿಗೆ ಬೈನಾಕ್ಯುಲರ್ ಹಿಡಿದುಕೊಂಡು ಹೋಗುವವನು. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಆ ನೀರಿನ ಮೇಲೆ ಇಳಿಯುವುದನ್ನು ನೋಡಿದ ಮೇಲೆ ಅವಕ್ಕೆ ಗುರಿ ಇಡುವ ಮನಸ್ಸು ನನಗೆ ಬರುವುದಿಲ್ಲ. ಹಾಗಂತ ಅಜ್ಜನ ಚಾಕು ತುಕ್ಕು ತಿಂದು ಹೋಗಲಿ ಅಂತಲೂ ಅನ್ನಿಸಲಿಲ್ಲ.

ಮಾರ್ಚ್ 24, ಅಳತೆ ಮತ್ತು ಹಿಡಿಕೆ ಬಿಚ್ಚಿದ್ದು

ಒಟ್ಟು ಉದ್ದ 225 ಮಿ.ಮೀ. ಅಲಗು 120, ಅಗಲ 24, ಬೆನ್ನಿನ ದಪ್ಪ 3.2. ಹಕ್ಕಿಯ ಕೀಲು ಬಿಡಿಸಲು ಮಾಡಿದ ಚಾಕು, ಅದಕ್ಕೇ ಸಣ್ಣದು, ತೆಳ್ಳಗಿನದು. ಅಲಗು 9 ಇಂಚು ಉದ್ದ ಅಥವಾ 2 ಇಂಚು ಅಗಲ ಮೀರಿದರೆ ಶಸ್ತ್ರಾಸ್ತ್ರ ನಿಯಮದ ಪ್ರಶ್ನೆ ಬರುತ್ತದೆ. ಇದು ಅದರ ಹತ್ತಿರವೂ ಇಲ್ಲ.

ಉಕ್ಕು ಲಾರಿಯ ಕಮಾನ್ ಪಟ್ಟಿಯದು ಅಂತ ಕಾಕಾ ಹೇಳಿದರು. ಊರಿನ ಕಮ್ಮಾರರು ಬಡಿದು ತೆಳ್ಳಗೆ ಮಾಡಿಕೊಟ್ಟದ್ದಂತೆ. ಬೆನ್ನಿನ ಮೇಲೆ, ಹಿಡಿಕೆಯ ಹತ್ತಿರದಿಂದ ಶುರುವಾಗಿ ಒಂಬತ್ತು ಅಡ್ಡ ಗೀರು. ಅರದಿಂದ ಕೊರೆದವು, ಒಂದೊಂದರ ನಡುವೆ 3 ಮಿ.ಮೀ. ಅಂತರ. ಒಂದೂ ಇನ್ನೊಂದರ ಹಾಗಿಲ್ಲ. ನಾಲ್ಕನೆಯದು ಸ್ವಲ್ಪ ಓರೆ. ಅವು ಲೆಕ್ಕಕ್ಕೆ ಹಾಕಿದ್ದಿರಬೇಕು ಅಂದುಕೊಂಡಿದ್ದೆ. ಕಾಕಾ ನಕ್ಕು, ಕೈಗೆ ರಕ್ತ, ಪುಕ್ಕ, ಕೆರೆ ನೀರು ಎಲ್ಲ ಹತ್ತಿದಾಗ ಹೆಬ್ಬೆರಳು ಜಾರಬಾರದಲ್ಲ, ಅದಕ್ಕೆ ಅಂದರು.

ಹಿಡಿಕೆ ಎಮ್ಮೆ ಕೊಂಬಿನದು, ಎರಡು ಹೋಳು. ಮೂರು ಹಿತ್ತಾಳೆ ಮೊಳೆ, ಮುಂದೆ ಹಿತ್ತಾಳೆಯ ಸಣ್ಣ ಕಟ್ಟು. ಕೊಂಬಿನೊಳಗೆ ಹುಳ ಕೊರೆದು ಸುರಂಗ ಮಾಡಿದ್ದವು, ಬಲಗಡೆ ಹೋಳು ಉದ್ದಕ್ಕೂ ಸೀಳಿತ್ತು. ಮೊಳೆಯ ತಲೆಯನ್ನು ಅರದಿಂದ ತೇಯ್ದು, ಸಣ್ಣ ಪಂಚ್ ಇಟ್ಟು ಹೊರಗೆ ತಳ್ಳಿದೆ. ಕೊಂಬು ತೇಯುವಾಗ ಕೂದಲು ಸುಟ್ಟ ವಾಸನೆ ಬರುತ್ತದೆ, ಪುಡಿ ಗಂಟಲಿಗೆ ಕೂರುತ್ತದೆ. ಮಾಸ್ಕ್ ಬೇಕೇ ಬೇಕು.

ಬಿಚ್ಚಿದ ಒಂದು ಹೋಳಿನ ಮೇಲ್ಭಾಗದಲ್ಲಿ ಒಂದು ಹಳ್ಳ ಕಂಡಿತು. ಯಾರೋ ಕೊರೆದದ್ದಲ್ಲ, ಸವೆದದ್ದು. ಗಾಜಿನ ಹಾಗೆ ನುಣುಪು. ಆಯಿ ರೊಟ್ಟಿ ಬಿಟ್ಟು ಚಪಾತಿಗೆ ಕಣಕ ನಾದಿದ್ದ ದಿನ ಅದು. ಒಂದು ಉಂಡೆ ಕಣಕ ತಂದು ಹಳ್ಳಕ್ಕೆ ಒತ್ತಿ, ಎತ್ತಿ, ಅಳೆದೆ. ಆಳ 3 ಮಿ.ಮೀ., ಅಗಲ 17. ನನ್ನ ಬಲಗೈಯಲ್ಲಿ ಹಿಡಿದರೆ ಅಲ್ಲಿಗೆ ಯಾವ ಬೆರಳೂ ಸರಿಯಾಗಿ ಕೂರಲಿಲ್ಲ. ಎಡಗೈಗೆ ತೆಗೆದುಕೊಂಡೆ, ಹೆಬ್ಬೆರಳು ತಾನಾಗಿಯೇ ಹೋಗಿ ಕೂತಿತು. ಅಜ್ಜ ಎಡಚರಾ ಅಂತ ಕೇಳಿದೆ. ಊಟ ಬಿಟ್ಟು ಎಲ್ಲದಕ್ಕೂ ಎಡಗೈನೇ ಅಂದರು ಕಾಕಾ. ನಾನು ಹುಟ್ಟುವ ಮೊದಲೇ ತೀರಿಕೊಂಡ ಅಜ್ಜ. ಈ ಒಂದು ವಿಷಯ ನನಗೆ ಹೇಳಿದ್ದು ಆ ಕೊಂಬಿನ ಚೂರು.

ಮಾರ್ಚ್ 24 ರಾತ್ರಿ, ವಿನೆಗರ್

ತುಕ್ಕಿಗೆ ಬಿಳಿ ವಿನೆಗರ್ ಸಾಕು. ಎರಡು ಬಾಟಲಿಯನ್ನು ಉದ್ದನೆಯ ಪ್ಲಾಸ್ಟಿಕ್ ಡಬ್ಬಿಗೆ ಸುರಿದು ಚಾಕುವನ್ನು ಪೂರ್ತಿ ಮುಳುಗಿಸಿ ಮಲಗಿದೆ. ಹತ್ತು ತಾಸು. ಬೆಳಿಗ್ಗೆ ಅಲಗಿನ ಮೇಲಿನ ತುಕ್ಕು ಕಪ್ಪು ಕೆಸರಿನ ಹಾಗೆ ಕೈಗೆ ಬಂತು. ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ತಕ್ಷಣ ಒರೆಸಿ ಕೊಬ್ಬರಿ ಎಣ್ಣೆ ಹಚ್ಚಿದೆ. ಸೋಡಾ ನೀರಿನಲ್ಲಿ ತೊಳೆಯದೆ ಬಿಟ್ಟರೆ ಅರ್ಧ ತಾಸಿನಲ್ಲಿ ಹೊಸ ತುಕ್ಕು ಬರುತ್ತದೆ.

ತಪ್ಪು ಆದದ್ದು ಹಿತ್ತಾಳೆ ಕಟ್ಟಿನಲ್ಲಿ. ಅದನ್ನೂ ಜೊತೆಗೇ ಮುಳುಗಿಸಿದ್ದೆ. ಬೆಳಿಗ್ಗೆ ಹಳದಿ ಹೋಗಿ ತಾಮ್ರದ ಹಾಗೆ ಗುಲಾಬಿ ಬಣ್ಣ ಬಂದಿತ್ತು. ಹಿತ್ತಾಳೆಯೊಳಗಿನ ಸತುವನ್ನು ಹುಳಿ ತಿಂದು ಮೇಲೆ ತಾಮ್ರ ಮಾತ್ರ ಉಳಿಸುತ್ತದೆ. ಅದೃಷ್ಟಕ್ಕೆ ಮೇಲ್ಪದರ ಮಾತ್ರ ಹೋಗಿತ್ತು, 400 ನಂಬರ್ ಮರಳು ಕಾಗದದಿಂದ ಉಜ್ಜಿದಾಗ ಹಳದಿ ಮರಳಿತು. ಹಿತ್ತಾಳೆ ಇರುವ ಚಾಕುವನ್ನು ಅಲಗಿನವರೆಗೆ ಮಾತ್ರ ಇಳಿಬಿಡಿ.

ಮಾರ್ಚ್ 31, ಗ್ರೈಂಡರ್

ತುಕ್ಕು ಹೋದ ಮೇಲೆ ಗುಂಡಿಗಳು ಕಂಡವು. ಬೆನ್ನಿನ ಹತ್ತಿರ ಮತ್ತು ಮೊನೆಯ ಹತ್ತಿರ ಜಾಸ್ತಿ. ಕಾಗದದಿಂದ ಕೈಯಲ್ಲೇ ಉಜ್ಜಬೇಕಿತ್ತು. ನನಗೆ ಅವಸರ. ಪಕ್ಕದ ಮನೆಯಿಂದ 4 ಇಂಚಿನ ಗ್ರೈಂಡರ್ ತಂದು, 80 ನಂಬರಿನ ಫ್ಲಾಪ್ ಡಿಸ್ಕ್ ಹಾಕಿದೆ.

ಮೊದಲ ಮೂರು ಸಲ ಚೆನ್ನಾಗಿ ಬಂತು. ಹೊಳಪು ನೋಡಿ ಧೈರ್ಯ ಬಂತು. ಬೆನ್ನಿನ ಮೇಲೆ ಡಿಸ್ಕ್ ಸ್ವಲ್ಪ ಜಾರಿತು. ತೆಗೆದು ನೋಡಿದರೆ ಎಂಟನೆಯ ಮತ್ತು ಒಂಬತ್ತನೆಯ ಗೀರು ಇರಲಿಲ್ಲ. ಬೆರಳಾಡಿಸಿದೆ, ಸಪಾಟು. ಕೈ ತಣ್ಣಗಾಯಿತು. ಆಗಲೇ ನಿಲ್ಲಿಸಬೇಕಿತ್ತು. ಅದನ್ನು ಸರಿಮಾಡಿ ಮುಗಿಸೋಣ ಅಂತ ಮೊನೆಯ ಕಡೆ ಹೋದೆ. ಮೊನೆಯಲ್ಲಿ ಉಕ್ಕು ತೆಳು, ಬಿಸಿ ಹೋಗಲು ಜಾಗ ಇಲ್ಲ. ತಿಳಿ ಹಳದಿ ಕಂಡಿತು, ಕಂದು ಆಯಿತು, ನೇರಳೆ ಆಯಿತು. ಸ್ವಿಚ್ ಒತ್ತುವಷ್ಟರಲ್ಲಿ ಮೊನೆಯ 15 ಮಿ.ಮೀ. ನವಿಲಿನ ಕತ್ತಿನ ಹಾಗೆ ನೀಲಿ.

ನೀಲಿ ಅಂದರೆ ಉಕ್ಕು 300 ಡಿಗ್ರಿ ಮುಟ್ಟಿದೆ, ಹದ, ಅಂದರೆ ಕಾಯಿಸಿ ಅದ್ದಿ ತಂದ ಗಟ್ಟಿತನ, ಇಳಿದಿದೆ ಅಂತ. ಅರ ಹಿಡಿದು ನೋಡಿದೆ. ಅಲಗಿನ ನಡುವೆ ಅರ ಜಾರುತ್ತಿತ್ತು, ಅಲ್ಲಿ ಉಕ್ಕು ಇನ್ನೂ ಗಟ್ಟಿ. ಮೊನೆಯಲ್ಲಿ ಕಚ್ಚಿ ಪುಡಿ ತೆಗೆಯಿತು. ಇಂಥ ಮೊನೆ ಮಸೆದರೂ ನಿಲ್ಲುವುದಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಎರಡು ದಾರಿ ಇದ್ದವು. ಮೊನೆಯ 15 ಮಿ.ಮೀ. ಕತ್ತರಿಸಿ ಬಿಸಾಕಿ ಹೊಸ ಮೊನೆ ತೆಗೆಯುವುದು, ಇಲ್ಲಾ ಇಡೀ ಅಲಗಿಗೆ ಹೊಸದಾಗಿ ಹದ ಹಾಕುವುದು. ಕತ್ತರಿಸಲು ಮನಸ್ಸು ಒಪ್ಪಲಿಲ್ಲ. ಅವತ್ತಾಗಲೇ ಸಾಕಷ್ಟು ಕಳೆದಿದ್ದೆ.

ಏಪ್ರಿಲ್ 7, ಕುಲುಮೆಯಲ್ಲಿ ಮೂರು ತುಂಡು

ನಮ್ಮ ಕಡೆ ಇನ್ನೂ ಕುಡಗೋಲು, ಕುಂಟಿಯ ಕುಡ ಬಡಿಯುವ ಕುಲುಮೆಗಳಿವೆ. ಒಬ್ಬ ಹಿರಿಯ ಕಮ್ಮಾರರ ಹತ್ತಿರ ಹೋದೆ. ಅವರು ಚಾಕು ತಿರುಗಿಸಿ ನೋಡಿ, ಗೀರುಗಳ ಮೇಲೆ ಉಗುರು ಆಡಿಸಿ, ಮೊದಲು ಬೇರೆ ತುಂಡಿನ ಮೇಲೆ ಕಲಿ, ಇದಕ್ಕೆ ಎರಡನೇ ಸಲ ಇಲ್ಲ ಅಂದರು. ಇಡೀ ಕೆಲಸದಲ್ಲಿ ನನಗೆ ಸಿಕ್ಕ ಅತ್ಯಂತ ಒಳ್ಳೆಯ ಮಾತು ಅದೇ.

ಗುಜರಿಯಿಂದ ಕಮಾನ್ ಪಟ್ಟಿ ತಂದು, ಚಾಕುವಿನಷ್ಟೇ ತೆಳುವಾಗಿ ಬಡಿದು, ಮೂರು ತುಂಡು ಮಾಡಿದೆವು.

ಒಂದನೆಯದನ್ನು ನಾನೇ ಕಾಯಿಸಿದೆ. ಮಧ್ಯಾಹ್ನ ಎರಡು ಗಂಟೆ, ಏಪ್ರಿಲ್ ಬಿಸಿಲು. ಬಿಸಿಲಿನಲ್ಲಿ ಕೆಂಪು ಬಣ್ಣ ಕಣ್ಣಿಗೆ ಕಾಣುವುದಿಲ್ಲ. ಸಾಲದು ಸಾಲದು ಅಂತ ತಿದಿ ಒತ್ತುತ್ತಾ ಹೋದೆ, ಅತಿಯಾಗಿ ಕಾದಿತು. ಬಕೆಟ್ ನೀರಿಗೆ ಅದ್ದಿದೆ. ಟಿಂಗ್ ಅಂತ ಒಂದು ಸದ್ದು. ಅಂಚಿನಿಂದ ಬೆನ್ನಿನವರೆಗೆ ಕೂದಲೆಳೆಯ ಬಿರುಕು. ಸುತ್ತಿಗೆಯಿಂದ ತಟ್ಟಿದರೆ ಬಿಸ್ಕತ್ತಿನ ಹಾಗೆ ಮುರಿಯಿತು. ಮುರಿದ ಬಾಯಿ ನೋಡಿದೆ, ಸಕ್ಕರೆ ಹರಳಿನ ಹಾಗೆ ದಪ್ಪ ದಪ್ಪ ಕಾಳು.

ಎರಡನೆಯದನ್ನು ಸಂಜೆ ಏಳರ ಮೇಲೆ, ದೀಪ ಆರಿಸಿ ಕಾಯಿಸಿದೆವು. ಹಳೆ ಸ್ಪೀಕರಿನ ಅಯಸ್ಕಾಂತವನ್ನು ತಂತಿಗೆ ಕಟ್ಟಿ ಪಕ್ಕದಲ್ಲಿ ತೂಗುಹಾಕಿದೆ. ಉಕ್ಕು ಸುಮಾರು 770 ಡಿಗ್ರಿ ದಾಟಿದರೆ ಅಯಸ್ಕಾಂತ ಅದನ್ನು ಹಿಡಿಯುವುದಿಲ್ಲ. ಅಲ್ಲಿಂದ ಸ್ವಲ್ಪ ಮೇಲೆ, ಹಣ್ಣಾದ ಮೆಣಸಿನಕಾಯಿಯ ಬಣ್ಣ ಬಂದಾಗ ತೆಗೆದು ಎಣ್ಣೆಗೆ ಅದ್ದಿದೆವು. ಎಣ್ಣೆ ತಣ್ಣಗಿತ್ತು. ತುಂಡು ಬಿರಿಯಲಿಲ್ಲ, ಆದರೆ ಅರ ಅಲ್ಲಲ್ಲಿ ಕಚ್ಚಿತು. ತಣ್ಣನೆ ಎಣ್ಣೆ ಮಂದ, ಬಿಸಿಯನ್ನು ಬೇಗ ಎಳೆಯುವುದಿಲ್ಲ ಅಂದರು ಕಮ್ಮಾರರು.

ಮೂರನೆಯದಕ್ಕೆ ಕಾದ ಕಬ್ಬಿಣದ ಸರಳನ್ನು ಎಣ್ಣೆಯಲ್ಲಿ ಅದ್ದಿ, ಎಣ್ಣೆಯನ್ನೇ 60 ಡಿಗ್ರಿಯವರೆಗೆ ಬಿಸಿ ಮಾಡಿಕೊಂಡೆವು. ಎರಡು ಲೀಟರ್ ಕುಸುಬೆ ಎಣ್ಣೆ, ಉದ್ದನೆಯ ತಗಡಿನ ಡಬ್ಬಿ. ಈ ಸಲ ಅರ ಎಲ್ಲಾ ಕಡೆ ಜಾರಿತು. ಮುರಿದು ನೋಡಿದೆ. ಬಾಯಿ ಬೂದಿಯ ಹಾಗೆ ನುಣ್ಣಗೆ, ಕಾಳೇ ಕಾಣಲಿಲ್ಲ. ಮೂರು ಚೂರನ್ನೂ ಸಾಲಾಗಿ ಕಿಟಕಿಯಲ್ಲಿ ಇಟ್ಟಿದ್ದೇನೆ. ಪುಸ್ತಕದಲ್ಲಿ ಓದಿದ್ದರೆ ಇಷ್ಟು ತಲೆಗೆ ಹೋಗುತ್ತಿರಲಿಲ್ಲ.

ಏಪ್ರಿಲ್ 14, ಹದ

ಕಮ್ಮಾರರು ಮೊದಲು ಅಲಗಿನ ಅಂಚನ್ನು ಅರದಿಂದ ಮೊಂಡು ಮಾಡಿದರು, ಸುಮಾರು 1 ಮಿ.ಮೀ. ದಪ್ಪ ಬರುವವರೆಗೆ. ಕಾಗದದಷ್ಟು ತೆಳು ಅಂಚನ್ನು ಹಾಗೇ ಕಾಯಿಸಿ ಅದ್ದಿದರೆ ಸೊಟ್ಟ ಆಗುತ್ತದೆ, ಇಲ್ಲಾ ಬಿರಿಯುತ್ತದೆ. ಇದರಲ್ಲಿ ಅಗಲ 24ರಿಂದ 23ಕ್ಕೆ ಇಳಿಯಿತು.

ಕತ್ತಲಾದ ಮೇಲೆ ಶುರು. ಡಬ್ಬಿಯ ಪಕ್ಕ ಮರಳಿನ ಬಕೆಟ್, ಡಬ್ಬಿಗೆ ಮುಚ್ಚಳ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಮುಚ್ಚಳ ಮುಚ್ಚಬೇಕು. ಉದ್ದ ತೋಳಿನ ಹತ್ತಿ ಅಂಗಿ, ಕನ್ನಡಕ.

ಅವರು ಇಕ್ಕಳ ಹಿಡಿದರು, ನಾನು ತಿದಿ. ಅಲಗು ಮಾತ್ರ ಕಾಯಬೇಕು, ಹಿಡಿಕೆಯೊಳಗಿನ ಭಾಗ ಮೆತ್ತಗೇ ಇರಬೇಕು. ಅಯಸ್ಕಾಂತ ಬಿಟ್ಟ ಮೇಲೆ ಇನ್ನೂ ಸ್ವಲ್ಪ ಹೊತ್ತು ಹಿಡಿದು, ಮೊನೆ ಕೆಳಗೆ ಮಾಡಿ, ನೇರವಾಗಿ ಒಂದೇ ಸಲಕ್ಕೆ ಎಣ್ಣೆಗೆ ಇಳಿಸಿದರು. ಆ ಕಡೆ ಈ ಕಡೆ ಆಡಿಸಲಿಲ್ಲ, ಮೇಲೆ ಕೆಳಗೆ ಮಾತ್ರ. ಬುಸ್ ಅಂತ ಹೊಗೆ, ಡಬ್ಬಿಯ ಬಾಯಲ್ಲಿ ಒಂದು ಸಣ್ಣ ಜ್ವಾಲೆ, ಆಮೇಲೆ ಸುಮ್ಮನೆ. ಟಿಂಗ್ ಸದ್ದಿಗಾಗಿ ಉಸಿರು ಬಿಗಿಹಿಡಿದು ಕಾದೆ. ಬರಲಿಲ್ಲ.

ಹೊರಗೆ ತೆಗೆದಾಗ ಅಲಗು ಎಡಕ್ಕೆ 2 ಮಿ.ಮೀ. ಬಾಗಿತ್ತು. ಅವರು ಗಾಬರಿ ಆಗಲಿಲ್ಲ. ಇನ್ನೂ ಬಿಸಿ ಇರುವಾಗಲೇ ಎರಡು ಮರದ ತುಂಡಿನ ನಡುವೆ ಇಟ್ಟು ಒತ್ತಿ ನೇರ ಮಾಡಿದರು. ಕೆಲವೇ ಸೆಕೆಂಡಿನ ಅವಕಾಶ ಅದು. ಪೂರ್ತಿ ತಣ್ಣಗಾದ ಮೇಲೆ ಒತ್ತಿದ್ದರೆ ಮುರಿಯುತ್ತಿತ್ತು. ಅವರು ಕೇಳಿದ್ದು 300 ರೂಪಾಯಿ, ನಾನು 400 ಕೊಟ್ಟೆ.

ಈ ಸ್ಥಿತಿಯಲ್ಲಿ ಉಕ್ಕು ಗಾಜು. ಕೈಜಾರಿ ಫರ್ಸಿಯ ಮೇಲೆ ಬಿದ್ದರೂ ಹೋಯಿತು. ಒದ್ದೆ ಟವೆಲ್ಲಿನಲ್ಲಿ ಮಗುವನ್ನು ಸುತ್ತಿದ ಹಾಗೆ ಸುತ್ತಿಕೊಂಡು ಮನೆಗೆ ತಂದು, ಆ ಪೆಡಸು ಇಳಿಸಲು ಅದೇ ರಾತ್ರಿ ಅಡುಗೆಮನೆಯ ಓವನ್ನಿನಲ್ಲಿ 200 ಡಿಗ್ರಿಗೆ ಎರಡು ತಾಸು ಇಟ್ಟೆ. ಆರಿಸಿ, ಮತ್ತೆ ಎರಡು ತಾಸು. ಸ್ವಲ್ಪ ಜಾಗ ಮೊದಲೇ ಉಜ್ಜಿ ಹೊಳಪು ಮಾಡಿ ಇಟ್ಟಿದ್ದೆ. ಅಲ್ಲಿ ಒಣ ಜೋಳದ ಸೊಪ್ಪೆಯ ಬಣ್ಣ ಬಂತು. ಅದೇ ಬೇಕಾದದ್ದು. ಓವನ್ನಿನ ಅಂಕಿಯನ್ನು ಪೂರ್ತಿ ನಂಬಬೇಡಿ, ಬಣ್ಣ ನೋಡಿ.

ಏಪ್ರಿಲ್ 21 ಮತ್ತು 28, ಶಹಾಬಾದ್ ಫರ್ಸಿಯ ಮೇಲೆ

ಇನ್ನು ಗ್ರೈಂಡರ್ ಇಲ್ಲ. ಕೈ ಮಾತ್ರ. ಅಂಗಳದಲ್ಲಿ ಹಾಸಿ ಉಳಿದಿದ್ದ ಪಾಲಿಶ್ ಮಾಡಿದ ಶಹಾಬಾದ್ ಫರ್ಸಿಯ ತುಂಡೊಂದು ಇತ್ತು, ಒಂದು ಅಡಿ ಚೌಕ. ಉಕ್ಕಿನ ಪಟ್ಟಿ ಇಟ್ಟು ನೋಡಿದೆ, ಬೆಳಕು ನುಸುಳಲಿಲ್ಲ, ಅಷ್ಟು ಸಪಾಟು. ಅದರ ಮೇಲೆ ನೀರು ಚಿಮುಕಿಸಿ ವಾಟರ್ ಪೇಪರ್ ಹಾಸಿದರೆ ಅಂಟಿಕೊಂಡು ಕೂರುತ್ತದೆ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಸಿಗುವ ಇದಕ್ಕಿಂತ ಒಳ್ಳೆಯ ಆಸರೆ ಬೇರೆ ಬೇಕಿಲ್ಲ. ಆದರೆ ಫರ್ಸಿಯ ಮೇಲೇ ಚಾಕು ಮಸೆಯಲು ಹೋಗಬೇಡಿ. ಸುಣ್ಣದ ಕಲ್ಲು ಅದು, ಉಕ್ಕಿಗಿಂತ ಮೆತ್ತಗೆ, ಕಲ್ಲೇ ಸವೆಯುತ್ತದೆ.

120, 220, 400, 600. ಒಂದೊಂದು ನಂಬರಿಗೆ ದಿಕ್ಕು ಬದಲಿಸಿ ಉಜ್ಜಬೇಕು, ಹಿಂದಿನ ಗೆರೆ ಪೂರ್ತಿ ಹೋದ ಮೇಲೇ ಮುಂದಿನದು. ಒಟ್ಟು ಏಳು ತಾಸು, ಹದಿನಾಲ್ಕು ಹಾಳೆ. ಆಳವಾದ ಗುಂಡಿಗಳನ್ನು ಹಾಗೇ ಬಿಟ್ಟೆ. ಅವನ್ನು ತೆಗೆಯಲು ಹೋದರೆ ಅಲಗು ಇನ್ನೂ ಅರ್ಧ ಮಿಲಿಮೀಟರ್ ತೆಳುವಾಗುತ್ತದೆ. 1000 ನಂಬರಿಗೂ ಹೋಗಲಿಲ್ಲ. ಕನ್ನಡಿ ಹೊಳಪು ಈ ಚಾಕುವಿಗೆ ಒಪ್ಪುವುದಿಲ್ಲ.

ಹೋದ ಎರಡು ಗೀರನ್ನು ಮತ್ತೆ ಕೊರೆಯಬಹುದಿತ್ತು, ಐದು ನಿಮಿಷದ ಕೆಲಸ. ಅರ ಹಿಡಿದು ಕೂತೆ ಕೂಡ. ಕೊರೆದರೆ ಅವು ನನ್ನ ಗೀರಾಗುತ್ತವೆ, ನೋಡಿದವರು ಅಜ್ಜನವು ಅಂದುಕೊಳ್ಳುತ್ತಾರೆ. ಅರ ವಾಪಸ್ ಇಟ್ಟೆ. ಏಳೇ ಇರಲಿ.

ಮೇ 5, ಹಿಡಿಕೆ, ಮೊದಲ ಸಲ

ಕಟ್ಟಿಗೆಗೆ ಬಹಳ ಹುಡುಕಲಿಲ್ಲ. ದನದ ಕೊಟ್ಟಿಗೆಯ ಅಟ್ಟದಲ್ಲಿ ಮುರಿದ ಕುಂಟಿಯ ದಿಂಡು ಇತ್ತು. ಕರಿಜಾಲಿ. ಮೂವತ್ತು ವರ್ಷ ಒಣಗಿದ್ದು, ಗರಗಸದ ಹಲ್ಲು ಕೂಗುತ್ತಿತ್ತು. ಒಳಗೆ ಬೆಲ್ಲದ ಪಾಕದ ಬಣ್ಣ. 110 ಮಿ.ಮೀ. ಉದ್ದ, 30 ಅಗಲ, 8 ದಪ್ಪದ ಎರಡು ಹೋಳು ತೆಗೆದೆ.

ಇದಕ್ಕೂ ಮೊದಲು ಹಿಡಿಕೆಯ ತುದಿಗೆ, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದರಿ ಕೆಲಸದ ಒಂದು ಟೋಪಿ ಹಾಕಿಸುವ ಆಸೆ ಇತ್ತು. ಬೀದರ್ ಎಷ್ಟು ದೂರ ಹೇಳಿ. ಆದರೆ ಬಿದರಿ ಹೆಚ್ಚಿನ ಪಾಲು ಸತು, ತಾಮ್ರ ಸ್ವಲ್ಪ. ಎರಕದ ಲೋಹ, ಮೊಳೆ ಬಡಿಯುವಾಗ ಏಟು ತಡೆಯದೆ ಸೀಳಬಹುದು. ಕೋಟೆಯ ಮಣ್ಣು ಹಚ್ಚಿ ತಂದ ಆ ಕಪ್ಪನ್ನು ಕೆಸರು, ಎಣ್ಣೆಯಲ್ಲಿ ಓಡಾಡುವ ಚಾಕುವಿಗೆ ಹಾಕುವುದೂ ಸರಿ ಅನ್ನಿಸಲಿಲ್ಲ. ಬಿಟ್ಟೆ.

ಈ ಮೊದಲ ಜೋಡಿಗೆ ಅಜ್ಜನ ಹಳ್ಳವನ್ನೂ ಹಾಗೇ ಕೊರೆದೆ, 3 ಮಿ.ಮೀ. ಆಳ. ಹಳೆಯ ಮೂರು ತೂತುಗಳಿಗೇ 5 ಮಿ.ಮೀ. ಹಿತ್ತಾಳೆ ಕಡ್ಡಿ, ವೆಲ್ಡಿಂಗ್ ಅಂಗಡಿಯಲ್ಲಿ ಸಿಗುವ ಬ್ರೇಜಿಂಗ್ ರಾಡ್. ಅರಾಲ್ಡೈಟ್ ಎರಡೂ ಟ್ಯೂಬಿನಿಂದ ಸಮ ಸಮ ಕಲಸಿ ಹಚ್ಚಿ, ನಾಲ್ಕು ಕ್ಲಾಂಪ್ ಹಾಕಿ, ಎಷ್ಟು ಸಾಧ್ಯವೋ ಅಷ್ಟು ಬಿಗಿದೆ. ಮೊಳೆಯ ತಲೆ ಬಡಿಯುವುದನ್ನು ನಾಳೆಗೆ ಬಿಟ್ಟೆ.

ಮೇ 7 ಮತದಾನ. ವೋಟು ಹಾಕಿ ಬಂದು ಕ್ಲಾಂಪ್ ಬಿಚ್ಚಿ, ಅರದಿಂದ ಆಕಾರ ಕೊಡಲು ಶುರು ಮಾಡಿದೆ. ಹತ್ತು ನಿಮಿಷಕ್ಕೆ ಬಲಗಡೆ ಹೋಳು ಟಪ್ ಅಂತ ಬಿಟ್ಟುಬಂತು. ಎಡಗಡೆಯದೂ ಉಗುರಿಗೆ ಎದ್ದಿತು. ಅಂಟಿನ ತಪ್ಪಲ್ಲ, ನನ್ನದು. ಎರಡು ತಪ್ಪು. ವಾರಗಟ್ಟಲೆ ಕೊಬ್ಬರಿ ಎಣ್ಣೆ ಹಚ್ಚಿದ ಉಕ್ಕನ್ನು ಬಟ್ಟೆಯಿಂದ ಒರೆಸಿದ್ದೆ ಅಷ್ಟೇ, ಅಸಿಟೋನಿನಿಂದ ತೊಳೆದಿರಲಿಲ್ಲ. ಮತ್ತೆ ಕ್ಲಾಂಪನ್ನು ಅಷ್ಟು ಬಿಗಿದದ್ದಕ್ಕೆ ಅಂಟೆಲ್ಲ ಹೊರಗೆ ಬಂದಿತ್ತು. ಒಳಗೆ ಏನೂ ಉಳಿದಿರಲಿಲ್ಲ. ಬಿಡಿಸುವಾಗ ಎಡಗಡೆ ಹೋಳು ತೂತಿನ ಹತ್ತಿರ ಸೀಳಿತು.

ಮೇ 12, ಹಿಡಿಕೆ, ಎರಡನೇ ಸಲ

ಅದೇ ದಿಂಡಿನಿಂದ ಇನ್ನೊಂದು ಜೋಡಿ. ಈ ಸಲ ಹಳ್ಳ ಕೊರೆಯಲಿಲ್ಲ. ಮೊದಲನೆಯದನ್ನು ಹಿಡಿದು ನೋಡಿದ್ದೆ, ನನ್ನ ಬಲಗೈಗೆ ಅದು ಅಡ್ಡ ಬರುತ್ತಿತ್ತು. ಅಜ್ಜನ ಹಳ್ಳ ಬಳಸಿ ಬಳಸಿ ಬಿದ್ದದ್ದು. ಕೊರೆದು ತಂದರೆ ಅದು ಬರೀ ಗುಂಡಿ. ಹಳೆ ಕೊಂಬಿನ ಹೋಳು ಬೇವಿನ ಎಲೆಯ ಜೊತೆ ಡಬ್ಬಿಯಲ್ಲಿ ಜೋಪಾನವಾಗಿದೆ.

ಉಕ್ಕಿನ ಎರಡೂ ಮಗ್ಗುಲನ್ನು 80 ನಂಬರ್ ಕಾಗದದಿಂದ ಗೀಚಿ ಒರಟು ಮಾಡಿದೆ. ಅಸಿಟೋನಿನಿಂದ ಮೂರು ಸಲ ತೊಳೆದೆ, ಬಟ್ಟೆ ಬಿಳಿಯಾಗಿ ಬರುವವರೆಗೆ. ಕಟ್ಟಿಗೆಯ ಒಳಮೈಯಲ್ಲೂ ಉಳಿಯಿಂದ ಸಣ್ಣ ಕಚ್ಚು ಹಾಕಿದೆ, ಅಂಟು ನಿಲ್ಲಲು ಜಾಗ ಬೇಕಲ್ಲ. ಕ್ಲಾಂಪ್ ಎರಡೇ, ಅಂಚಿನಲ್ಲಿ ಅಂಟು ಮಣಿಮಣಿಯಾಗಿ ಕಾಣುವಷ್ಟು ಮಾತ್ರ ಬಿಗಿ. 24 ತಾಸು ಮುಟ್ಟಲಿಲ್ಲ. ಆಮೇಲೆ ಮೊಳೆಯ ತಲೆಯನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ, ಸುತ್ತಲೂ ತಿರುಗಿಸುತ್ತಾ ಬಡಿದೆ. ಜಾಲಿ ಗಟ್ಟಿ, ಆದರೆ ಮೊಳೆ ಒಳಗೆ ಉಬ್ಬಿದರೆ ಸೀಳದೆ ಇರುವುದಿಲ್ಲ. ಕೊನೆಗೆ ಹಿಡಿಕೆಯ ದಪ್ಪ 19 ಮಿ.ಮೀ.ಗೆ ಬಂದು ನಿಂತಿತು. ಅಲುಗಾಟ ಇಲ್ಲ.

ಮೇಲೆ ಅಗಸಿ ಎಣ್ಣೆ. ಮೊದಲು ಗಾಣದ ಎಣ್ಣೆ ಹಚ್ಚಿದೆ, ಮೇ ತಿಂಗಳ ಬಿಸಿಯಲ್ಲೂ ಐದು ದಿನ ಅಂಟಂಟಾಗೇ ಇತ್ತು. ಒರೆಸಿ ತೆಗೆದು, ಪೇಂಟ್ ಅಂಗಡಿಯ ಡಬಲ್ ಬಾಯ್ಲ್ಡ್ ಎಣ್ಣೆ ತಂದೆ. ಅದು ಒಂದು ದಿನಕ್ಕೆ ಒಣಗಿತು. ನಾಲ್ಕು ಕೈ. ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ತಾನೇ ಬಿಸಿಯಾಗಿ ಬೆಂಕಿ ಹತ್ತುತ್ತದೆ. ಬಿಡಿಸಿ ಹೊರಗೆ ಹಗ್ಗದ ಮೇಲೆ ಒಣಹಾಕಿ, ಇಲ್ಲಾ ನೀರಿನಲ್ಲಿ ಮುಳುಗಿಸಿ.

ಮೇ 26, ಒರೆ

ಹಳೆ ಒರೆ ಪುಡಿಪುಡಿ ಆಗಿತ್ತು. ಚಪ್ಪಲಿ ಹೊಲಿಯುವವರ ಹತ್ತಿರ 3 ಮಿ.ಮೀ. ದಪ್ಪದ ಎಮ್ಮೆ ಚರ್ಮ ತಂದೆ. ಹಳೆಯದನ್ನು ಬಿಡಿಸಿ ಅಳತೆ ತೆಗೆದು, ಕತ್ತರಿಸಿ, 4 ಮಿ.ಮೀ.ಗೊಂದು ತೂತು ಹಾಕಿ, ಮೇಣ ಹಚ್ಚಿದ ದಾರ, ಎರಡು ಸೂಜಿಯಿಂದ ಹೊಲಿದೆ. ಚೆಂದ ಕಂಡಿತು. ಮೂರನೇ ಸಲ ಚಾಕು ಒಳಗೆ ತಳ್ಳಿದಾಗ ಅಲಗು ಹೊಲಿಗೆಯನ್ನೇ ಕತ್ತರಿಸಿ ಹೊರಗೆ ಬಂತು. ಬೆರಳಿಗೆ ಒಂದು ಅಂಗುಲ ದೂರ.

ಹಳೆ ಒರೆಯ ಚೂರು ಮತ್ತೆ ನೋಡಿದೆ. ಹೊಲಿಗೆಯ ಒಳಗಡೆ ಎರಡು ಪದರದ ನಡುವೆ ಒಂದು ತೆಳು ಪಟ್ಟಿ ಇತ್ತು. ಅಲಗು ತಾಗುವುದು ಆ ಪಟ್ಟಿಗೆ, ದಾರಕ್ಕಲ್ಲ. ಅದನ್ನು ಸುಮ್ಮನೆ ಉಳಿದ ಚರ್ಮದ ಚೂರು ಅಂದುಕೊಂಡು ಪಕ್ಕಕ್ಕೆ ಇಟ್ಟಿದ್ದೆ. ಪೂರ್ತಿ ಬಿಚ್ಚಿ, 10 ಮಿ.ಮೀ. ಅಗಲದ ನಡುಪಟ್ಟಿ ಸೇರಿಸಿ ಮತ್ತೆ ಹೊಲಿದೆ. ಚಾಕುವನ್ನು ಒರೆಯಲ್ಲೇ ಇಟ್ಟು ಮರೆಯಬಾರದು, ಚರ್ಮ ತೇವ ಹಿಡಿದು ಉಕ್ಕು ತಿನ್ನುತ್ತದೆ. ಒರೆ ಗೂಟಕ್ಕೆ, ಚಾಕು ಎಣ್ಣೆ ಬಟ್ಟೆಯಲ್ಲಿ.

ಜೂನ್ 2, ಮಸೆತ ಮತ್ತು ಬೋನಾಳ

ಎರಡೂ ಮಗ್ಗುಲಿಗೆ 20 ಡಿಗ್ರಿ. ಅಗಲ 23 ಇರುವುದರಿಂದ ಬೆನ್ನನ್ನು ಕಲ್ಲಿನಿಂದ 8 ಮಿ.ಮೀ. ಎತ್ತಿ ಹಿಡಿದರೆ ಸರಿ ಬರುತ್ತದೆ. ಅಷ್ಟು ದಪ್ಪದ ಮರದ ಚಕ್ಕೆ ಮಾಡಿಕೊಂಡು ಆಗಾಗ ಅಳತೆ ನೋಡಿಕೊಂಡೆ. ಎಣ್ಣೆ ಕಲ್ಲಿನ ಒರಟು ಮುಖ, ನುಣ್ಣನೆ ಮುಖ, ಕೊನೆಗೆ ಹಳೆ ಬೆಲ್ಟಿನ ಒಳಮೈ.

ಬೆಳಿಗ್ಗೆ ಬೋನಾಳಕ್ಕೆ ಹೋದೆ. ಆ ಹೊತ್ತಿಗೆ ಹೆಬ್ಬಾತುಗಳು ಇರುವುದಿಲ್ಲ, ನೀರೂ ಹಿಂದೆ ಸರಿದಿತ್ತು. ಒಣಗಿದ ಅಂಚಿನಲ್ಲಿ ಮುಳ್ಳುಕಂಟಿಗೆ ಸಿಕ್ಕಿಕೊಂಡ ನೈಲಾನ್ ಬಲೆಯ ತುಂಡು ಇತ್ತು. ನೀರು ತುಂಬಿದಾಗ ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುವುದು ಇಂಥವೇ. ಕೂತು ಕತ್ತರಿಸಿ ಬಿಡಿಸಿದೆ. ಸುಮಾರು ಮುಕ್ಕಾಲು ತಾಸು. ಮೊನೆ ಮಡಚಲಿಲ್ಲ, ಅಂಚು ಹಾರಲಿಲ್ಲ. ನೀಲಿಯಾಗಿ ಹೋಗಿದ್ದ ಅದೇ ಮೊನೆ. ಕಡ್ಡಿಯ ಸಂದಿಗೆ ಹೊಗಿಸಿ ಒಂದೊಂದೇ ಗಂಟು ಕೊಯ್ಯುವಾಗ ಹೆಬ್ಬೆರಳು ಆ ಏಳು ಗೀರಿನ ಮೇಲೇ ಕೂತಿತ್ತು. ಬೆವರಿದ್ದ ಕೈ ಒಮ್ಮೆಯೂ ಜಾರಲಿಲ್ಲ.

ಖರ್ಚು ಹೇಳಿಬಿಡುತ್ತೇನೆ. ವಿನೆಗರ್, ಸೋಡಾ 100. ಆ ಫ್ಲಾಪ್ ಡಿಸ್ಕ್ 85. ಕಾಗದ 210. ಅಂಟು ಎರಡು ಸಲ 220, ಹಿತ್ತಾಳೆ ಕಡ್ಡಿ 70, ಅಸಿಟೋನ್ 90. ಕುಸುಬೆ ಎಣ್ಣೆ 440, ಕುಲುಮೆ 400. ಪೇಂಟ್ ಅಂಗಡಿಯ ಎಣ್ಣೆ 120. ಚರ್ಮ 350, ದಾರ ಸೂಜಿ 80. ಒಟ್ಟು 2165 ರೂಪಾಯಿ. ಗ್ರೈಂಡರ್ ಮುಟ್ಟದೆ ಇದ್ದಿದ್ದರೆ ಕುಲುಮೆ, ಎಣ್ಣೆ, ಡಿಸ್ಕ್ ಸೇರಿ 925 ಉಳಿಯುತ್ತಿತ್ತು.

ಜೂನ್ 9, ಬೆಲ್ಟು, ಇನ್ನೂ ಮುಗಿದಿಲ್ಲ

ಬೆಲ್ಟಿನಲ್ಲಿ 25 ಕುಣಿಕೆ, ಅದರಲ್ಲಿ ಒಂಬತ್ತು ಹರಿದಿವೆ. ಹಿತ್ತಾಳೆಯ ಹಸಿರು ಕಿಲುಬು ಚರ್ಮಕ್ಕೆ ಇಳಿದಿದೆ. ಒಣ ಬ್ರಷ್ಷಿನಿಂದ ಕೆರೆದು, ಜೇನುಮೇಣ ಬೆರೆಸಿದ ಎಣ್ಣೆ ಹಚ್ಚಿ ಮೆತ್ತಗೆ ಮಾಡಿದೆ. ಕುಣಿಕೆ ಹೊಲಿಯಲು ಒಳಗೆ ಇಡುವ ಅಚ್ಚು ಬೇಕಲ್ಲ. ತೋಟಾ ಠಾಣೆಗೆ ಹೋಗಿದೆ, ಮರದ ಕಡ್ಡಿ ಕಡೆಯಬೇಕು.

12 ಬೋರ್ ಅಂದರೆ ಒಂದು ಪೌಂಡ್ ಸೀಸಕ್ಕೆ 12 ಸಮ ಗುಂಡು ಮಾಡಿದರೆ ಒಂದು ಗುಂಡಿನ ಅಡ್ಡಳತೆ, ಅದೇ ನಳಿಗೆಯ ಒಳ ಅಳತೆ, 18.5 ಮಿ.ಮೀ. ನಾನು ಅದನ್ನೇ ಹಿಡಿದು 18.5 ಮಿ.ಮೀ. ಕಡ್ಡಿ ಕಡೆದು, ನಾಲ್ಕು ಕುಣಿಕೆ ಹೊಲಿದೆ. ಪಕ್ಕದ ಹಳೆ ಕುಣಿಕೆಗೆ ಹೋಲಿಸಿದರೆ ಹೊಸವು ಚಿಕ್ಕವು. ಕಾಕಾನ ಕಣ್ಣಿಗೆ ಕೂಡಲೇ ಬಿತ್ತು. ತೋಟಾ ಕೂರುವುದು ನಳಿಗೆಯಲ್ಲಲ್ಲ, ಅದರ ಹಿಂದಿನ ಅಗಲವಾದ ಕೋಣೆಯಲ್ಲಿ. ಕೊಳವೆಯ ಹೊರ ಅಳತೆ 20 ಮಿ.ಮೀ. ಮೀರುತ್ತದೆ. ಸರಿಯಾಗಿ ಉಳಿದ ಹಳೆ ಕುಣಿಕೆಯನ್ನೇ ಮೊದಲು ಅಳೆದಿದ್ದರೆ ಮುಗಿದುಹೋಗುತ್ತಿತ್ತು.

ನಾಲ್ಕನ್ನೂ ಬಿಚ್ಚಿದ್ದೇನೆ. ಹಳೆ ತೂತುಗಳಲ್ಲೇ ಮತ್ತೆ ಹೊಲಿಯಬೇಕು, ಹೊಸ ತೂತು ಹಾಕಿದರೆ ಆ ಚರ್ಮ ತಡೆಯುವುದಿಲ್ಲ. ಜಾಲಿಯ ಕಡ್ಡಿ 20.5 ಮಿ.ಮೀ.ಗೆ ಕಡೆದು ಇಟ್ಟಿದ್ದೇನೆ, ಉದ್ದ 65. ಬರುವ ಭಾನುವಾರ ಒಂದೇ ಒಂದು ಕುಣಿಕೆ ಹೊಲಿದು, ಒಂದು ವಾರ ಹಾಗೇ ಬಿಟ್ಟು ನೋಡುತ್ತೇನೆ. ಸರಿ ನಿಂತರೆ ಉಳಿದ ಎಂಟು.